ತೆರೆಯದ ಫೈಲುಗಳು, ನಮ್ಮ ಶಾಲೆಯ ದನಿಗಳು

(ಸುವರ್ಣ ಮಹೋತ್ಸವದ ಎರಡನೇ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗಿಂತ ಮುಂಚೆ ಮಾತಾಡಿದವರು ಈ ಶಾಲೆಯಲ್ಲಿ ಓದಿ ಡಾಕ್ಟರಾದವರು, ಇಂಜಿನಿಯರಾದವರು. ನಾನು ಶಿವಮೊಗ್ಗದಲ್ಲಿ ಅಂಗಡಿ ಇಟ್ಟವನು. ಮೊದಲು ಕ್ಯಾಸೆಟ್ ಅಂಗಡಿ, ಆಮೇಲೆ ಸಿಡಿ ಅಂಗಡಿ, ಈಗ ಮೊಬೈಲ್ ಮತ್ತು ಕಂಪ್ಯೂಟರ್ ರಿಪೇರಿ. ಬೋರ್ಡು ಮೂರು ಸಲ ಬದಲಾಗಿದೆ, ಅಂಗಡಿ ಅದೇ. ಇಂಥವನನ್ನು ಭಾಷಣಕ್ಕೆ ಯಾಕೆ ಕರೆದರು ಅಂತ ನಿಮಗೆ ಅನ್ನಿಸಿದರೆ ತಪ್ಪಲ್ಲ. ಮಹೋತ್ಸವ ಸಮಿತಿಯವರು ಆರು ತಿಂಗಳ ಹಿಂದೆ ಒಂದು ಕೆಲಸ ಒಪ್ಪಿಸಿದ್ದರು. ಅದರ ಲೆಕ್ಕ ಒಪ್ಪಿಸಿ ಕೂತುಕೊಳ್ಳುತ್ತೇನೆ.

ಕೆಲಸ ಇಷ್ಟೇ. ಹಳೆಯ ಫೋಟೊಗಳ ಜೊತೆಗೆ ಹಳೆಯ ದನಿಗಳನ್ನೂ ಕೂಡಿಸೋಣ, ಯಾರ ಮನೆಯಲ್ಲಿ ಏನಿದೆಯೋ ತಂದುಕೊಡಿ ಅಂತ ಸಮಿತಿಯವರು ಕೇಳಿಕೊಂಡರು. ಬಂದವು ನೋಡಿ! ಕ್ಯಾಸೆಟ್ಟುಗಳು ಒಂದು ಹಣ್ಣಿನ ಡಬ್ಬಿಯ ತುಂಬ. ಗೀರುಬಿದ್ದ ಸಿಡಿಗಳು. ಬೆರಳ ತುದಿಯಲ್ಲಿ ಕೂರುವ ಮೆಮೊರಿ ಕಾರ್ಡುಗಳು, ಒಂದನ್ನಂತೂ ಕುಂಕುಮದ ಭರಣಿಯಲ್ಲಿ ಇಟ್ಟು ತಂದಿದ್ದರು. ವಾಟ್ಸಾಪಿನಲ್ಲಿ ಬಂದ ವಾಯ್ಸ್ ಮೆಸೇಜುಗಳಿಗೆ ಲೆಕ್ಕವಿಲ್ಲ. ಕ್ಯಾಸೆಟ್ಟುಗಳನ್ನು ಕಂಡು ಸಮಿತಿಯವರು ಹೆದರಿದರು, ಇವನ್ನು ಎಲ್ಲಿ ಹಾಕಿ ಕೇಳುವುದು ಅಂತ. ನನಗೆ ಹೆದರಿಕೆ ಆಗಿದ್ದು ಮೆಮೊರಿ ಕಾರ್ಡು, ಸಿಡಿಗಳನ್ನು ಕಂಡು. ಕ್ಯಾಸೆಟ್ಟು ನಲವತ್ತು ವರ್ಷ ಹಳೆಯದಾದರೂ ಟೇಪ್‌ರೆಕಾರ್ಡರ್ ಇದ್ದರೆ ಏನಾದರೂ ಉಲಿಯುತ್ತದೆ. ಇಪ್ಪತ್ತು ವರ್ಷದ ಹಿಂದಿನ ಒಂದು ಫೈಲು ಇವತ್ತಿನ ಹೊಸ ಕಂಪ್ಯೂಟರಿನಲ್ಲಿ ಬಾಯಿ ಬಿಡದೆ ಕೂತುಬಿಡಬಹುದು.

ಕಲ್ಕತ್ತದಲ್ಲಿ 1902ರಲ್ಲಿ ಗೌಹರ್ ಜಾನ್ ಹಾಡಿದ ಗ್ರಾಮೋಫೋನ್ ತಟ್ಟೆಗಳಿವೆ. ಆಕೆ ಕೊನೆಗಾಲಕ್ಕೆ ನಮ್ಮ ಮೈಸೂರಿಗೇ ಬಂದು 1930ರಲ್ಲಿ ಅಲ್ಲೇ ತೀರಿಕೊಂಡರು. ಆ ತಟ್ಟೆಯನ್ನು ಈಗಲೂ ತಿರುಗಿಸಿ ಸೂಜಿ ಇಟ್ಟರೆ ದನಿ ಬರುತ್ತದೆ, ಯಾಕೆಂದರೆ ದನಿಯ ಅಲೆ ಆ ಗೀರಿನಲ್ಲೇ ಕೆತ್ತಿ ಕೂತಿದೆ. ಫೈಲಿನಲ್ಲಿ ಹಾಗೆ ಕೆತ್ತಿದ್ದು ಏನೂ ಇಲ್ಲ. ಅಲ್ಲಿರುವುದು ಬರೀ ಅಂಕಿ. ಆ ಅಂಕಿಗಳನ್ನು ಯಾವ ಕ್ರಮದಲ್ಲಿ ಬರೆದಿದೆ ಅಂತ ಗೊತ್ತಿರುವ ಒಂದು ತಂತ್ರಾಂಶ ಇದ್ದರೆ ಅದು ದನಿ, ಇಲ್ಲದಿದ್ದರೆ ಕಸ.

ಈ ಬರೆಯುವ ಕ್ರಮಕ್ಕೇ ಫಾರ್ಮ್ಯಾಟ್ ಅನ್ನುವುದು. ಇಲ್ಲಿರುವ ಶಿಕ್ಷಕರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ, ಅವರಿಗೆ ನುಡಿ ತಂತ್ರಾಂಶದ ಅನುಭವ ಇದೆ. ಹಳೆಯ ನುಡಿಯಲ್ಲಿ ಟೈಪು ಮಾಡಿದ ಪತ್ರವನ್ನು ಆ ಅಕ್ಷರ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆಗಳ ರಾಶಿ ಕಾಣುತ್ತದಲ್ಲ? ಪತ್ರ ಹಾಳಾಗಿಲ್ಲ. ಓದುವವನಿಗೆ ಲಿಪಿ ಗೊತ್ತಿಲ್ಲ, ಅಷ್ಟೇ. ನಮ್ಮ ಜಿಲ್ಲೆಯ ಕೆಳದಿಯ ವಸ್ತು ಸಂಗ್ರಹಾಲಯಕ್ಕೆ ಹೋದವರು ಅಲ್ಲಿ ತಿಗಳಾರಿ ಲಿಪಿಯ ಓಲೆಗರಿಗಳನ್ನು ನೋಡಿರುತ್ತೀರಿ. ನಾವು ನೀವು ಎಷ್ಟು ಕನ್ನಡ ಓದಿದ್ದರೂ ಅದರ ಒಂದು ಸಾಲು ಓದಲಾರೆವು. ತಿಗಳಾರಿ ಬಲ್ಲವರು ಕೂತು ಅದನ್ನೇ ಕನ್ನಡ ಲಿಪಿಯಲ್ಲಿ ಬರೆದುಕೊಟ್ಟರೆ ಓದುತ್ತೇವೆ. ಫೈಲು ಪರಿವರ್ತನೆ ಅಂದರೆ ಇದೇ. ಎರಡೂ ಲಿಪಿ ಬಲ್ಲ ಒಬ್ಬನು ನಡುವೆ ಕೂತು ನಕಲು ಮಾಡುವ ಕೆಲಸ.

ಇದು ತಿಳಿಯದ್ದರಿಂದ ಒಂದು ಎಡವಟ್ಟು ಆಗುವುದನ್ನು ನಾನು ಅಂಗಡಿಯಲ್ಲಿ ಮೇಲಿಂದ ಮೇಲೆ ನೋಡುತ್ತೇನೆ. ಫೈಲಿನ ಹೆಸರಿನ ಕೊನೆಗೆ ಒಂದು ಚುಕ್ಕಿ, ಚುಕ್ಕಿಯ ನಂತರ ಮೂರು ನಾಲ್ಕು ಅಕ್ಷರ ಇರುತ್ತವೆ. ಎಂಪಿ3, ಡಬ್ಲ್ಯೂಎವಿ, ಎಎಂಆರ್, ಹೀಗೆ. ಆ ಬಾಲ ಬದಲಿಸಿ ಎಂಪಿ3 ಅಂತ ಬರೆದರೆ ಎಂಪಿ3 ಆಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಮ್ಮ ಶಾಲೆಯದೇ ಒಂದು ಫೈಲಿಗೆ ಈ ಗತಿ ಆಗಿತ್ತು. ಹಣ ಕೊಟ್ಟು ಎಲ್ಲೋ ಮಾಡಿಸಿಕೊಂಡು ಬಂದಿದ್ದರು, ಯಾವ ಫೋನಿನಲ್ಲೂ ಹಾಡಲಿಲ್ಲ. ಓಲೆಗರಿಯ ಕಟ್ಟಿನ ಮೇಲೆ ಕನ್ನಡದಲ್ಲಿ ಚೀಟಿ ಅಂಟಿಸಿದರೆ ಒಳಗಿನ ಲಿಪಿ ಕನ್ನಡವಾಗುತ್ತದೆಯೇ? ಪುಣ್ಯಕ್ಕೆ ಹೆಸರು ಬದಲಿಸಿದ್ದರಿಂದ ಒಳಗಿನದೇನೂ ಕೆಡುವುದಿಲ್ಲ.

ಒಳಗಿನದು ನಿಜವಾಗಿ ಏನು ಅಂತ ತಿಳಿಯಲು ಒಂದು ಸುಲಭ ದಾರಿ ಇದೆ, ಮಕ್ಕಳು ಮನೆಯಲ್ಲಿ ಮಾಡಿ ನೋಡಬಹುದು. ಫೈಲಿನ ಒಂದು ನಕಲು ತೆಗೆದು ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಪರದೆ ತುಂಬ ಅರ್ಥವಿಲ್ಲದ ಗುರುತು ಬರುತ್ತವೆ, ಹೆದರಬೇಡಿ, ಏನನ್ನೂ ಸೇವ್ ಮಾಡಬೇಡಿ. ಮೊಟ್ಟಮೊದಲ ನಾಲ್ಕೈದು ಅಕ್ಷರ ಮಾತ್ರ ನೋಡಿ. ಹ್ಯಾಶ್ ಗುರುತು, ಆಶ್ಚರ್ಯಸೂಚಕ, ಆಮೇಲೆ ಎ, ಎಂ, ಆರ್ ಅಂತಿದ್ದರೆ ಅದು ಹಳೆಯ ಮೊಬೈಲಿನ ಎಎಂಆರ್. ರಿಫ್ ಅಂತ ಶುರುವಾದರೆ ವೇವ್ ಫೈಲು ಇರಬಹುದು. ಓಗ್ಗ್ ಎಸ್ ಅಂತಿದ್ದರೆ ಓಗ್ಗ್ ಪೆಟ್ಟಿಗೆ, ವಾಟ್ಸಾಪಿನ ವಾಯ್ಸ್ ಮೆಸೇಜುಗಳು ಈ ಜಾತಿಯವು. ಮೇಲಿನ ಹೆಸರು ಏನೇ ಇರಲಿ, ಒಳಗಿನ ತಲೆಬರಹ ಅಷ್ಟು ಸುಲಭಕ್ಕೆ ಸುಳ್ಳು ಹೇಳುವುದಿಲ್ಲ.

ಹೆಸರು ಬದಲಿಸಿಕೊಂಡು ಬಂದಿದ್ದ ಆ ಫೈಲು ಎಎಂಆರ್. ನಮ್ಮ ಕನ್ನಡ ಮೇಷ್ಟ್ರು ನಿವೃತ್ತರಾದ ದಿನದ ಭಾಷಣ, ಕೀಪ್ಯಾಡ್ ಫೋನನ್ನು ಮೇಜಿನ ಮೇಲಿಟ್ಟು ಒಬ್ಬ ವಿದ್ಯಾರ್ಥಿ ಮುದ್ರಿಸಿಕೊಂಡಿದ್ದು. ಮೇಷ್ಟ್ರು ಈಗ ಇಲ್ಲ. ಆ ಭಾಷಣ ಇಪ್ಪತ್ತೆರಡು ನಿಮಿಷ ಇದೆ, ಫೈಲಿನ ಗಾತ್ರ ಎರಡೇ ಎಂಬಿ. ಇಷ್ಟು ಚಿಕ್ಕದು ಹೇಗಾಯಿತು ಅಂದರೆ, ಎಎಂಆರ್ ಅನ್ನು ಮಾಡಿದ್ದೇ ಫೋನಿನ ಮಾತಿಗಾಗಿ. ದನಿಯನ್ನು ಸೆಕೆಂಡಿಗೆ 8,000 ಸಲ ಮಾತ್ರ ಅಳೆಯುತ್ತದೆ. ಸಿಡಿಯಲ್ಲಿ 44,100 ಸಲ. ಸೆಕೆಂಡಿಗೆ 8,000 ಸಲ ಅಳೆದರೆ 4,000 ಹರ್ಟ್ಸ್‌ಗಿಂತ ಮೇಲಿನ ಸ್ವರ ಯಾವುದೂ ದಾಖಲಾಗುವುದಿಲ್ಲ. ಮಾತು ತಿಳಿಯುವುದಕ್ಕೆ ಅಷ್ಟು ಸಾಕು. ಆದರೆ ಸಕಾರದ ಸಿಳ್ಳಿನಂಥ ಸದ್ದು ಇರುವುದೇ ಅದರ ಆಚೆಗೆ. ಶ, ಷ, ಸ ಹೇಳಲು ಬಾರದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮೇಷ್ಟ್ರು ಅವರು, ನನ್ನ ಓರಗೆಯವರಿಗೆಲ್ಲ ನೆನಪಿದೆ. ಆ ಫೈಲಿನಲ್ಲಿ ಅವರ ಶಕಾರಕ್ಕೂ ಸಕಾರಕ್ಕೂ ವ್ಯತ್ಯಾಸ ಹಿಡಿಯುವುದು ಕಷ್ಟ. ಮೇಷ್ಟ್ರು ಕೇಳಿದ್ದರೆ ಫೋನನ್ನೇ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಆ ಫೈಲು ತಂದ ಅಣ್ಣ ಕೇಳಿದರು, "ಎಂಪಿ3 ಮಾಡಿದರೆ ದನಿ ಸ್ವಚ್ಛ ಆಗುತ್ತಲ್ವಾ?" ಅಂತ. ಆಗುವುದಿಲ್ಲ. ಇಲ್ಲದ್ದನ್ನು ಯಾವ ಪರಿವರ್ತನೆಯೂ ತಂದು ಸೇರಿಸಲಾರದು. ಮಜ್ಜಿಗೆಯನ್ನು ಹಾಲಿನ ಕ್ಯಾನಿಗೆ ಸುರಿದ ಹಾಗೆ. ಎಂಪಿ3 ಅಂತೂ ಕಿವಿಗೆ ಅಷ್ಟಾಗಿ ಬೇಡ ಅಂತ ತೋರಿದ ಭಾಗವನ್ನು ತೆಗೆದುಹಾಕಿಯೇ ಗಾತ್ರ ಇಳಿಸುವ ಪದ್ಧತಿ. ಒಮ್ಮೆ ಸೋಸಿದ್ದನ್ನು ಮತ್ತೆ ಸೋಸಿದರೆ ಇನ್ನಷ್ಟು ಹೋಗುತ್ತದೆ. ಆದ್ದರಿಂದ ನಾವು ಪ್ರತಿಯೊಂದಕ್ಕೂ ಮೂರು ಇಟ್ಟುಕೊಂಡೆವು. ಬಂದ ಮೂಲ ಫೈಲು, ಬಂದ ಹೆಸರಿನಲ್ಲೇ, ಮುಟ್ಟದೆ. ಅದರಿಂದ ತೆಗೆದ ಒಂದು ವೇವ್ ಫೈಲು, ಇದು ಏನನ್ನೂ ಕಳೆಯುವುದಿಲ್ಲ, ಜಾಗ ಮಾತ್ರ ಹೆಚ್ಚು ತಿನ್ನುತ್ತದೆ. ಸಿಡಿ ಗುಣಮಟ್ಟದಲ್ಲಾದರೆ ನಿಮಿಷಕ್ಕೆ ಸುಮಾರು ಹತ್ತು ಎಂಬಿ. ಮೂರನೆಯದು ನಿಮಗೆ ಹಂಚುವ ಎಂಪಿ3, ನಿಮಿಷಕ್ಕೆ ಒಂದು ಎಂಬಿಯಷ್ಟು. ಎಂಪಿ3ನೇ ಯಾಕೆ, ಅದಕ್ಕಿಂತ ಒಳ್ಳೆಯವು ಬಂದಿವೆಯಲ್ಲ ಅಂತ ನಮ್ಮ ಬೆಂಗಳೂರಿನ ಹುಡುಗರು ವಾದ ಮಾಡಿದರು. ನಿಜ, ಬಂದಿವೆ. ಆದರೆ ಈ ಪೆಂಡಾಲಿನ ಮೈಕ್‌ಸೆಟ್ಟಿನವರ ಪೆನ್‌ಡ್ರೈವ್ ಪ್ಲೇಯರಿಗೆ, ಊರಿನ ಟ್ರ್ಯಾಕ್ಟರಿನಲ್ಲಿರುವ ಸ್ಟೀರಿಯೊಗೆ, ಅಜ್ಜಿಯರ ಕೀಪ್ಯಾಡ್ ಫೋನಿಗೆ ಗೊತ್ತಿರುವುದು ಎಂಪಿ3. ಅದರ ಪೇಟೆಂಟ್ ಗೋಜೂ 2017ಕ್ಕೆ ಮುಗಿಯಿತು. ಎಲ್ಲರೂ ಕೇಳಲಿ ಅನ್ನುವುದಾದರೆ ಎಲ್ಲರ ಮನೆಯಲ್ಲಿರುವ ಲೋಟದಲ್ಲೇ ಕೊಡಬೇಕು.

ಪರಿವರ್ತನೆ ಮಾಡಲು ದುಡ್ಡು ಖರ್ಚು ಮಾಡಬೇಕಾಗಿಲ್ಲ, ಇದನ್ನು ಅಂಗಡಿಯವನಾಗಿ ನಾನೇ ಹೇಳುತ್ತಿದ್ದೇನೆ. ವಿಎಲ್‌ಸಿ ಅನ್ನುವ ಪ್ಲೇಯರ್ ಇದೆ, ಪ್ಯಾರಿಸ್ಸಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಶುರು ಮಾಡಿದ್ದು, ಉಚಿತ. ಅದರಲ್ಲಿ ಮೀಡಿಯಾ ಪಟ್ಟಿಗೆ ಹೋಗಿ ಕನ್ವರ್ಟ್ ಅನ್ನುವುದನ್ನು ಒತ್ತಿ, ಫೈಲು ಆರಿಸಿ, ಎಂಪಿ3 ಅಂತ ಹೇಳಿದರೆ ಆಯಿತು. ನೂರಾರು ಫೈಲು ಇದ್ದರೆ ಎಫ್‌ಎಫ್‌ಎಂಪೆಗ್. ಇದಕ್ಕೆ ಚಂದದ ಮುಖವಿಲ್ಲ, ಕಪ್ಪು ಪರದೆಯಲ್ಲಿ ಟೈಪು ಮಾಡಬೇಕು. ಆದರೆ ಅದರ ಆಜ್ಞೆ ಒಂದು ಸಾಲು, ಯಾವುದರಿಂದ, ಯಾವುದಕ್ಕೆ, ಅಷ್ಟೇ. ಅದು ಬಲ್ಲ ಫಾರ್ಮ್ಯಾಟುಗಳು ನೂರಾರು. ರಿಯಲ್ ಪ್ಲೇಯರ್ ಕಾಲದ ಫೈಲುಗಳನ್ನೂ ಬಹುಮಟ್ಟಿಗೆ ಅದು ಓದುತ್ತದೆ. ಇನ್ನು ಆನ್‌ಲೈನಿನಲ್ಲಿ ಫೈಲು ಹಾಕಿದರೆ ಬದಲಿಸಿಕೊಡುವ ತಾಣಗಳಿವೆ. ಅವುಗಳ ಬಗ್ಗೆ ನನಗೆ ಮನಸ್ಸಿಲ್ಲ. ಸತ್ತುಹೋದ ತಾಯಿಯ ದನಿಯನ್ನು ಯಾರದೋ ಕಂಪ್ಯೂಟರಿಗೆ ಕಳಿಸಿ ವಾಪಸ್ಸು ತರಿಸಿಕೊಳ್ಳುವ ಅಗತ್ಯ ಏನಿದೆ, ಮನೆಯಲ್ಲೇ ಆಗುವ ಕೆಲಸಕ್ಕೆ?

ಈಗ ಮುಖ್ಯವಾದ ಫೈಲಿನ ಸಂಗತಿಗೆ ಬರುತ್ತೇನೆ.

ನಮ್ಮಲ್ಲೊಬ್ಬರು ಹಳೆಯ ವಿದ್ಯಾರ್ಥಿ ಇದ್ದಾರೆ, ಭದ್ರಾವತಿಯಲ್ಲಿದ್ದು ಪತ್ರಿಕೆಗಳಿಗೆ ಸುದ್ದಿ ಬರೆಯುತ್ತಿದ್ದರು. ಅವರು 2005ರಲ್ಲಿ ಈ ಶಾಲೆಗೆ ಜಾಗ ಕೊಟ್ಟ ಹಿರಿಯರನ್ನು ಮಾತಾಡಿಸಿದ್ದರು. ಆ ಅಜ್ಜ ಯಾರು ಅಂತ ಊರಿನವರಿಗೆ ಹೇಳಬೇಕಾಗಿಲ್ಲ. ಅವರದು ಒಂದು ಒಳ್ಳೆಯ ಫೋಟೊ ಕೂಡ ನಮ್ಮ ಹತ್ತಿರ ಇಲ್ಲ, ದಾನಪತ್ರದಲ್ಲಿ ಇರುವುದು ಹೆಬ್ಬೆಟ್ಟು. ಮಾತಾಡಿಸಿದ ಮರು ವರ್ಷವೇ ತೀರಿಕೊಂಡರು. ಸಂದರ್ಶನ ಮುದ್ರಿಸಿದ್ದು ಆ ಕಾಲದ ಒಂದು ಪುಟ್ಟ ವಾಯ್ಸ್ ರೆಕಾರ್ಡರಿನಲ್ಲಿ. ರೆಕಾರ್ಡರು ಎಂದೋ ಕೆಟ್ಟು ಗುಜರಿಗೆ ಹೋಯಿತು, ಫೈಲನ್ನು ಅವರು ಒಂದು ಸಿಡಿಗೆ ಹಾಕಿ ಇಟ್ಟಿದ್ದರು. ಅದರ ಬಾಲ ಡಿವಿಎಫ್.

ವಿಎಲ್‌ಸಿಗೆ ಕೊಟ್ಟೆ, ಆಗಲಿಲ್ಲ. ಎಫ್‌ಎಫ್‌ಎಂಪೆಗ್‌ಗೆ ಕೊಟ್ಟೆ, ಅದೂ ಕೈ ಚೆಲ್ಲಿತು. ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲ ಅಕ್ಷರಗಳು ಎಂಎಸ್, ಒಂದು ಅಡಿಗೆರೆ, ವಾಯ್ಸ್. ಅಂದರೆ ಫೈಲು ಕೆಟ್ಟಿಲ್ಲ, ತಲೆಬರಹ ಸರಿಯಾಗೇ ಇದೆ. ಆದರೆ ಅದರೊಳಗೆ ದನಿಯನ್ನು ಹಿಂಡಿ ಬರೆದ ರೀತಿ ಆ ಒಂದು ಕಂಪನಿಯದೇ ಸ್ವಂತದ್ದು, ಹೊರಗಿನವರಿಗೆ ಬಿಟ್ಟುಕೊಟ್ಟಿದ್ದಲ್ಲ. ಎಎಂಆರ್ ಹಾಗಲ್ಲ, ಅದರ ನಿಯಮಗಳು ಪ್ರಕಟವಾಗಿವೆ, ಯಾರು ಬೇಕಾದರೂ ಓದುವ ತಂತ್ರಾಂಶ ಬರೆಯಬಹುದು. ಇದನ್ನು ಓದಬಲ್ಲದ್ದು ರೆಕಾರ್ಡರಿನ ಡಬ್ಬಿಯ ಜೊತೆ ಆಗ ಬಂದಿದ್ದ ತಂತ್ರಾಂಶ, ಅದು ನಡೆಯುತ್ತಿದ್ದುದು ವಿಂಡೋಸ್ ಎಕ್ಸ್‌ಪಿ ಕಾಲದ ಕಂಪ್ಯೂಟರಿನಲ್ಲಿ. ಎಕ್ಸ್‌ಪಿಗೆ ಅದರ ಕಂಪನಿಯೇ 2014ರಲ್ಲಿ ಕೈಬಿಟ್ಟಿತು. ಪುಣ್ಯಕ್ಕೆ ಆ ತಂತ್ರಾಂಶದ ಸಿಡಿ ಅವರ ಅಟ್ಟದ ಮೇಲೆ ಸಿಕ್ಕಿತು. ಕಂಪ್ಯೂಟರು?

ಎಕ್ಸ್‌ಪಿ ಇರುವ ಯಂತ್ರ ಈಗ ಎಲ್ಲಿ ಇರುತ್ತದೆ ಅಂತ ಯೋಚನೆ ಮಾಡಿದರೆ ಉತ್ತರ ಸುಲಭ. ಮದುವೆ ಕರೆಯೋಲೆ ಮಾಡುವ ಡಿಟಿಪಿ ಅಂಗಡಿಯಲ್ಲಿ. ಪೇಜ್‌ಮೇಕರು, ಹಳೆಯ ಕನ್ನಡ ಅಕ್ಷರಗಳು, ಇವೆಲ್ಲ ಹೊಸ ಕಂಪ್ಯೂಟರಿನಲ್ಲಿ ಸರಿಯಾಗಿ ಕೂರುವುದಿಲ್ಲ ಅಂತ ಅವರು ಹಳೆಯದನ್ನು ಬಿಟ್ಟುಕೊಡುವುದಿಲ್ಲ. ಭದ್ರಾವತಿಯ ಹಳೇನಗರದಲ್ಲಿ ಅಂಥ ಒಬ್ಬರು ಸಿಕ್ಕರು. ಲಗ್ನದ ಕಾಲ, ಅವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ವಿಷಯ ಹೇಳಿದ ಮೇಲೆ, "ರಾತ್ರಿ ಒಂಬತ್ತರ ಮೇಲೆ ಬನ್ನಿ ಸಾರ್, ಬಾಗಿಲು ಎಳ್ಕೊಂಡು ಕೂತ್ಕೊಳ್ಳಿ" ಅಂದರು. ಆ ಯಂತ್ರದ ಸಿಡಿ ಡ್ರೈವು ನಮ್ಮ ಗೀರುಬಿದ್ದ ಸಿಡಿಯನ್ನು ಓದಲಿಲ್ಲ, ಅದನ್ನು ನನ್ನ ಅಂಗಡಿಯ ಡ್ರೈವಿನಲ್ಲಿ ಮೊದಲೇ ಪೆನ್‌ಡ್ರೈವಿಗೆ ಇಳಿಸಿಕೊಂಡು ಹೋಗಿದ್ದೆವು. ತಂತ್ರಾಂಶ ಕೂತಿತು. ಫೈಲು ತೆರೆಯಿತು. ವೇವ್ ಆಗಿ ಉಳಿಸುವ ಆಯ್ಕೆ ಅದರಲ್ಲೇ ಇತ್ತು. ನಲವತ್ತೊಂದು ನಿಮಿಷ. ಉಳಿಸಿಕೊಂಡ ಮೇಲೂ ಇಬ್ಬರಿಗೂ ಎದ್ದುಹೋಗಲು ಆಗಲಿಲ್ಲ, ಪೂರ್ತಿ ಕೇಳಿದೆವು.

ಜಾಗ ಕೊಟ್ಟಿದ್ದರ ಬಗ್ಗೆ ನಮ್ಮೂರಿನಲ್ಲಿ ಒಂದು ಕಥೆ ಇದೆ, ಸಾಹೇಬರು ಬಂದು ಕೇಳಿಕೊಂಡರು, ಅಜ್ಜ ತಕ್ಷಣ ಒಪ್ಪಿದರು ಅಂತ. ನಾನೂ ಅದನ್ನೇ ಕೇಳಿ ಬೆಳೆದವನು. ಅಜ್ಜ ಸ್ವತಃ ಹೇಳುವುದು ಬೇರೆ. ಅವರ ಮಗಳು ಏಳನೇ ತರಗತಿ ಪಾಸಾದಳು, ಹೈಸ್ಕೂಲಿಗೆ ಭದ್ರಾವತಿಗೇ ಹೋಗಬೇಕು, ನಾಲೆ ಏರಿಯ ಮೇಲೆ ನಡೆದುಹೋಗಿ ಬಸ್ಸು ಹಿಡಿಯಬೇಕು, ಸಂಜೆ ಕತ್ತಲಾಗುತ್ತದೆ ಅಂತ ಬಿಡಿಸಿದರು. ಹುಡುಗಿ ಒಂದು ವಾರ ಊಟ ಬಿಟ್ಟಳಂತೆ. ಆಮೇಲೆ ತಾವೇ ಕಚೇರಿಗೆ ಅಲೆದರಂತೆ, ಜಾಗ ಕೊಡುತ್ತೇನೆ ಶಾಲೆ ಕೊಡಿ ಅಂತ. ಶಾಲೆ ಬರುವ ಹೊತ್ತಿಗೆ ಮಗಳ ಮದುವೆ ಆಗಿಹೋಗಿತ್ತು. ಇಷ್ಟು ಹೇಳಿ ಅಜ್ಜ ಸುಮ್ಮನಾಗುತ್ತಾರೆ. ಆ ಮೌನವೂ ಫೈಲಿನಲ್ಲಿದೆ.

ಇನ್ನೊಂದು ಇದೆ. ಶಾಲೆಯ ಉದ್ಘಾಟನೆಯ ಕಲ್ಲು ಅಲ್ಲೇ ಬಾಗಿಲ ಪಕ್ಕ ಇದೆ, ಅದರಲ್ಲಿ ಯಾರ ಹೆಸರು ಇವೆ ಅಂತ ಎಲ್ಲರೂ ನೋಡಿದ್ದೀರಿ. ಮೊದಲ ಎರಡು ಕೊಠಡಿಗೆ ಊರಿನ ಹೆಂಗಸರು ನಾಲೆಯಿಂದ ನೀರು ಹೊತ್ತರು, ಕಲ್ಲು ಹೊತ್ತರು, ಕೂಲಿ ತೆಗೆದುಕೊಳ್ಳಲಿಲ್ಲ ಅಂತ ಅಜ್ಜ ಹೇಳುತ್ತಾರೆ. ಬರೀ ಹೇಳುವುದಿಲ್ಲ, ಬೆರಳು ಮಡಿಚುತ್ತ ಒಂದೊಂದೇ ಹೆಸರು ಎಣಿಸುತ್ತಾರೆ. ಹನ್ನೊಂದು ಹೆಸರು. ಆ ಪಟ್ಟಿ ಯಾವ ಕಾಗದದಲ್ಲೂ ಇಲ್ಲ. ಶಾಲೆಯ ದಾಖಲೆಯಲ್ಲಿ ಹುಡುಕಿದೆವು, ಇಲ್ಲ. ಇರುವುದು ಆ ಒಂದು ಡಿವಿಎಫ್ ಫೈಲಿನಲ್ಲಿ. ಅಟ್ಟದ ಮೇಲಿನ ಆ ಸಿಡಿಯನ್ನು ಹೋದ ದೀಪಾವಳಿಗೆ ಮನೆ ತೊಳೆಯುವಾಗ ಎಸೆದಿದ್ದರೆ ಆ ಹನ್ನೊಂದು ಜನ ಅಲ್ಲಿಗೆ ಮುಗಿಯುತ್ತಿದ್ದರು.

ಹತ್ತು ಹೆಸರು ಸ್ಪಷ್ಟ. ಏಳನೆಯದನ್ನು ಹೇಳುವಾಗ ರಸ್ತೆಯಲ್ಲಿ ಕಬ್ಬಿನ ಲಾರಿ ಹೋಗಿದೆ. ನಮ್ಮ ತಂಡದ ಚುರುಕಿನ ಹುಡುಗಿಯೊಬ್ಬಳು ಒಂದು ನಕಲು ತೆಗೆದುಕೊಂಡು ಅಡಾಸಿಟಿಯಲ್ಲಿ ಗದ್ದಲ ತೆಗೆಯುವ ಉಪಾಯ ಮಾಡಿದಳು. ಈ ಉಪಾಯದ ಕೆಲಸ ಹೇಗೆಂದರೆ, ಗದ್ದಲ ಮಾತ್ರ ಇರುವ ಒಂದು ತುಣುಕನ್ನು ಅದಕ್ಕೆ ತೋರಿಸಬೇಕು. ಅದೇ ಥರದ ಸದ್ದನ್ನು ಎಲ್ಲ ಕಡೆಯಿಂದ ಅದು ತಗ್ಗಿಸುತ್ತದೆ. ಫ್ಯಾನಿನ ಗುಂಯ್ ಅನ್ನುವ ಸದ್ದಿಗೆ ಒಳ್ಳೆಯದು. ಲಾರಿಯ ಸದ್ದು ಒಂದೇ ಸಮ ಇರುವುದಿಲ್ಲ, ಅಜ್ಜನ ದನಿಯೂ ತಗ್ಗಿನ ದನಿ. ಲಾರಿ ಹೋಯಿತು, ಜೊತೆಗೆ ಹೆಸರೂ ಹೋಯಿತು. ಮೂಲ ಫೈಲಿನಲ್ಲಿ ಅರ್ಧಂಬರ್ಧ ಕೇಳುತ್ತಿದ್ದದ್ದು ಸ್ವಚ್ಛ ಮಾಡಿದ್ದರಲ್ಲಿ ಪೂರಾ ಇಲ್ಲ. ಕೊನೆಗೆ ಶುದ್ಧ ಮಾಡದ ಫೈಲನ್ನೇ ಊರಿಗೆ ತಂದು, ಮಾರಿಗುಡಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯ ಹೆಂಗಸರಿಗೆ ಕೇಳಿಸಿದೆವು. ಮೂರನೇ ಸಲ ಹಾಕಿದಾಗ ಒಬ್ಬರು ತಲೆ ಎತ್ತಿ, "ಅದು ನಮ್ಮತ್ತೆ ಹೆಸರು ಕಣಪ್ಪ" ಅಂದರು. ಹನ್ನೊಂದೂ ಹೆಸರುಗಳು ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುತ್ತವೆ. ಕಲ್ಲಿನ ಮೇಲೂ ಹಾಕಿಸಬೇಕು ಅಂತ ನಾನು ಸಮಿತಿಯ ಮುಂದೆ ಕೇಳಿದ್ದೇನೆ, ಇಲ್ಲಿ ಎಲ್ಲರ ಮುಂದೆ ಇನ್ನೊಮ್ಮೆ ಕೇಳುತ್ತೇನೆ.

ಕೆಲವರು ಹೇಳಿದರು, ಅಜ್ಜನ ಕೆಮ್ಮು, ಕೋಳಿ ಕೂಗು ಎಲ್ಲ ಕತ್ತರಿಸಿ, ಹಿಂದೆ ಕೊಳಲಿನ ಸಂಗೀತ ಹಾಕಿ ಚಂದ ಮಾಡಿ ಅಂತ. ನಾನು ಒಪ್ಪಲಿಲ್ಲ. ಹದಿನೇಳನೇ ನಿಮಿಷದಲ್ಲಿ ದೂರದಿಂದ ಭದ್ರಾವತಿಯ ಕಾರ್ಖಾನೆಯ ಸೈರನ್ ಕೇಳಿಸುತ್ತದೆ, ಅಜ್ಜ ಮಾತು ನಿಲ್ಲಿಸಿ ಹೊತ್ತು ಎಷ್ಟಾಯಿತು ಅಂತ ಹೇಳುತ್ತಾರೆ, ಗಡಿಯಾರ ನೋಡದೆ. ಉಕ್ಕಿನ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡೂ ತುಂಬಿ ತುಳುಕುತ್ತಿದ್ದ ಊರಿನ ಹತ್ತಿರ ಬದುಕಿದವರಿಗೆ ಹೊತ್ತು ತಿಳಿಯುತ್ತಿದ್ದುದು ಹಾಗೆ. ಈಗ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತಿವೆ. ಆ ಸೈರನ್ನನ್ನು ಗದ್ದಲ ಅಂತ ಅಳಿಸುವವರು ಬೇರೆ ಯಾರಾದರೂ ಇರಲಿ.

ಕ್ಯಾಸೆಟ್ಟುಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅವು ನನ್ನ ಹಳೆಯ ಸ್ನೇಹಿತರು. ಒಂದು ಕಾಲಕ್ಕೆ ಜನ ಖಾಲಿ ಕ್ಯಾಸೆಟ್ಟು, ಹಾಡಿನ ಚೀಟಿ ಹಿಡಿದು ನನ್ನ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಸಿನಿಮಾ ಹಾಡಿಗೆ ಎಷ್ಟು ಜನವೋ ಗಮಕಕ್ಕೂ ಅಷ್ಟೇ ಜನ. ತುಂಗೆಯ ದಡದ ಹೊಸಹಳ್ಳಿ ಹತ್ತಿರವೇ ಇದೆಯಲ್ಲ, ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ ಗಮಕಕ್ಕಾಗಿಯೇ 2022ರಲ್ಲಿ ಪದ್ಮಶ್ರೀ ಬಂತು. ಕ್ಯಾಸೆಟ್ಟಿಗೆ ಫಾರ್ಮ್ಯಾಟಿನ ತೊಂದರೆ ಇಲ್ಲ, ಯಂತ್ರದ ತೊಂದರೆ. ತಲೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಬೆಲ್ಟು ಹೊಸದು ಹಾಕಿ, ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿ, ಆಮೇಲೆ ಲೈನ್ ಔಟಿನಿಂದ ಕಂಪ್ಯೂಟರಿಗೆ ತಂತಿ ಎಳೆದು ಮುದ್ರಿಸಬೇಕು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಅಡ್ಡದಾರಿ ಇಲ್ಲ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದವರು ಇಂಥ ಕೆಲಸಕ್ಕೆ ಕನಿಷ್ಠ 48,000 ಹರ್ಟ್ಸ್, 24 ಬಿಟ್ ಇರಲಿ ಅನ್ನುತ್ತಾರೆ. ನಾವು ಹಾಗೇ ಮಾಡಿದ್ದೇವೆ, ಹಳ್ಳಿ ಶಾಲೆ ಅಂತ ಕಡಿಮೆ ಮಾಡಲಿಲ್ಲ.

ಇನ್ನು ವಾಟ್ಸಾಪಿನ ಮೆಸೇಜುಗಳು. ಅಮೆರಿಕ, ದುಬೈ, ಮುಂಬೈ ಎಲ್ಲ ಕಡೆಯಿಂದ ಗೆಳೆಯರು ಶಾಲೆಯ ನೆನಪು ಹೇಳಿ ಕಳಿಸಿದ್ದಾರೆ. ಅವು ಓಪಸ್ ಅನ್ನುವ ಫಾರ್ಮ್ಯಾಟಿನಲ್ಲಿವೆ, 2012ರಲ್ಲಿ ಅಂಗೀಕಾರವಾದದ್ದು, ನಿಯಮ ಎಲ್ಲರಿಗೂ ತೆರೆದದ್ದು, ತೀರಾ ಒಳ್ಳೆಯದು. ತೊಂದರೆ ಇರುವುದು ಫಾರ್ಮ್ಯಾಟಿನಲ್ಲಲ್ಲ. ಫೋನು ಬದಲಿಸುವಾಗ, ಮೆಮೊರಿ ತುಂಬಿತು ಅಂತ ಚಾಟು ಅಳಿಸುವಾಗ ಅವು ಸದ್ದಿಲ್ಲದೆ ಹೋಗುತ್ತವೆ. ಮನೆಯಲ್ಲಿ ಅಪ್ಪ ಅಮ್ಮನ ಮೆಸೇಜು ಯಾವುದಾದರೂ ಇಟ್ಟುಕೊಳ್ಳಬೇಕು ಅನ್ನಿಸಿದರೆ ಇವತ್ತೇ ಹೊರಗೆ ಕಳಿಸಿ ಕಂಪ್ಯೂಟರಿಗೆ ಹಾಕಿಕೊಳ್ಳಿ, ಫೈಲಿಗೆ ಯಾರದು, ಯಾವ ವರ್ಷದ್ದು ಅಂತ ಹೆಸರು ಬರೆಯಿರಿ. ವಾಟ್ಸಾಪು ಕೊಡುವ ಹೆಸರಿನಲ್ಲಿ ತಾರೀಖು, ನಂಬರು ಇರುತ್ತದೆ, ಅಮ್ಮ ಇರುವುದಿಲ್ಲ.

ಈಗ ಲೆಕ್ಕ. ಒಟ್ಟು ಅರವತ್ತೆಂಟು ಗಂಟೆಯ ದನಿ ಕೂಡಿದೆ. ಮೂರು ಹಾರ್ಡ್‌ಡಿಸ್ಕ್ ಮಾಡಿದ್ದೇವೆ. ಒಂದು ಶಾಲೆಯ ಕಬ್ಬಿಣದ ಬೀರುವಿನಲ್ಲಿ, ಒಂದು ಪಂಚಾಯಿತಿ ಗ್ರಂಥಾಲಯದಲ್ಲಿ, ಒಂದು ಶಿವಮೊಗ್ಗದಲ್ಲಿ ನನ್ನ ಹತ್ತಿರ. ಒಂದು ಕಡೆ ನೀರು ನುಗ್ಗಿದರೂ ಇನ್ನೊಂದು ಉಳಿಯಲಿ ಅಂತ. ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಕಂಪ್ಯೂಟರ್ ಮೇಷ್ಟ್ರು ಮತ್ತು ಒಂಬತ್ತನೇ ತರಗತಿಯ ಮಕ್ಕಳು ತೆಗೆದು ಓಡಿಸಿ ನೋಡುವುದಾಗಿ ಒಪ್ಪಿದ್ದಾರೆ. ಎಂಪಿ3 ಪ್ರತಿಗಳನ್ನು ಪೆನ್‌ಡ್ರೈವ್ ತಂದವರಿಗೆಲ್ಲ ಹಾಕಿಕೊಡುತ್ತೇವೆ. ಕುಟುಂಬದವರು ಬೇಡ ಅಂದ ನಾಲ್ಕು ಫೈಲುಗಳನ್ನು ಬಿಟ್ಟು.

ಕೊನೆಯದಾಗಿ ನಿಮ್ಮಿಂದ ಒಂದು ಸಹಾಯ ಬೇಕು. ಭದ್ರಾವತಿ ಆಕಾಶವಾಣಿ 1965ರಿಂದ ನಮ್ಮ ಮನೆಯ ರೇಡಿಯೊ, 675 ಕಿಲೊಹರ್ಟ್ಸ್ ಅಂದರೆ ಹಿರಿಯರ ಬೆರಳು ತಾನೇ ತಿರುಗುತ್ತದೆ. ನಮ್ಮ ಶಾಲೆಯ ಮಕ್ಕಳು ಅಲ್ಲಿಗೆ ಹೋಗಿ ಹಾಡಿ ಬಂದದ್ದುಂಟು. ಒಂದು ಕ್ಯಾಸೆಟ್ಟಿನ ಬಿ ಬದಿಯಲ್ಲಿ, ರೇಡಿಯೊದಿಂದ ಯಾರೋ ಮುದ್ರಿಸಿಕೊಂಡ ಒಂದು ಜಾನಪದ ಗೀತೆ ಇದೆ. ಹಾಡುವುದು ಒಬ್ಬಳೇ ಹುಡುಗಿ. ಮುದ್ರಿಸಿಕೊಂಡವರು ಗುಂಡಿ ಒತ್ತುವುದು ಒಂದು ಗಳಿಗೆ ತಡವಾಗಿದೆ, ಉದ್ಘೋಷಕಿ ಶಾಲೆಯ ಹೆಸರು ಹೇಳುವುದು ಸಿಕ್ಕಿದೆ, ಹುಡುಗಿಯ ಹೆಸರು ಸಿಕ್ಕಿಲ್ಲ. ಕ್ಯಾಸೆಟ್ಟಿನ ಮೇಲೆ ಬರಹ ಅಳಿಸಿದೆ, ತಂದವರಿಗೂ ಗೊತ್ತಿಲ್ಲ, ಎಂಬತ್ತರ ದಶಕದ ಮಧ್ಯದ್ದು ಇರಬೇಕು. ಊಟದ ನಂತರ ಎಂಟನೇ ತರಗತಿಯ ಕೊಠಡಿಯಲ್ಲಿ ಅದನ್ನು ಹಾಕುತ್ತೇವೆ. ಆ ವರ್ಷಗಳಲ್ಲಿ ಓದಿದ ಹೆಣ್ಣುಮಕ್ಕಳು ದಯವಿಟ್ಟು ಬಂದು ಕೇಳಿ, ಗುರುತು ಸಿಕ್ಕರೆ ಹೇಳಿ. ಫೈಲಿನ ಹೆಸರಿನಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದೇವೆ.